ತೊಂಬತ್ತಮೂರು ದಿನದ ಮಂಡಲ

ವಸಂತಾ ಸತ್ತದ್ದು ಹಸಿ ತರಕಾರಿ ತಿಂದು ಎಂದು ಅಮೆರಿಕದ ಈ ಕ್ಯಾರಿ ಊರಿನ ಕನ್ನಡದವರೆಲ್ಲ ನಂಬಿದ್ದಾರೆ. ಬದರಿನಾಥರೇ ಕೊಂದರು ಎನ್ನುವವರೂ ಇದ್ದಾರೆ. ಅವರನ್ನು ಎಲ್ಲರಿಗಿಂತ ಮೊದಲು ಅನುಮಾನಿಸಿದವಳು ನಾನು. ಆದ್ದರಿಂದ ನಡೆದದ್ದನ್ನು ನಾನೇ ಹೇಳಬೇಕು.

ವಸಂತಾ ನಂಜನಗೂಡಿನವಳು. ನಾನು ಮೈಸೂರಿನ ಮಂಡಿ ಮೊಹಲ್ಲಾದವಳು. ಭೇಟಿಯಾದದ್ದು ಮಾತ್ರ ಕ್ಯಾರಿಯ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ, ೧೯೯೧ರಲ್ಲಿ. ಯಾರೋ ಬಟ್ಟೆ ಒಗೆಯುವ ಮಷೀನಿಗೆ "ದರಿದ್ರ ಮುಂಡೇದೇ, ನನ್ನ ಕಾಸು ನುಂಗಿಬಿಟ್ಯಲ್ಲೇ" ಎಂದು ಬೈಯುತ್ತಿದ್ದರು. "ಒಂದು ಒದೀರಿ, ಕಕ್ಕತ್ತೆ" ಎಂದೆ. ತಿರುಗಿ ನೋಡಿ ಅವಳು ನಕ್ಕ ನಗು ಇಡೀ ಕಟ್ಟಡಕ್ಕೆ ಕೇಳಿಸಿರಬೇಕು.

ಅವಳು ಒಗ್ಗರಣೆ ಹಾಕಿದರೆ ಹೊಗೆಗೆ ಅಲಾರಂ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಸ್ನಾನಕ್ಕೆ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿಯನ್ನು ಅಲಾರಮ್ಮಿಗೆ ತೊಡಿಸಿಬಿಟ್ಟಿದ್ದಳು. "ನಮ್ಮತ್ತೆಗೂ ಒಂದು ಹಾಕಿದ್ರೆ ಚೆನ್ನಾಗಿತ್ತು ಕಣೇ" ಎನ್ನುತ್ತಿದ್ದಳು. ಅಂಥವಳು ೧೯೯೫ರ ಜೂನ್ ತಿಂಗಳಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟಳು.

ಬದರಿನಾಥರು ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ರೆಸ್ಟನ್ನಿನಲ್ಲಿ ಯಾವುದೋ ಕಂಪನಿಯಲ್ಲಿದ್ದರು. ಶನಿವಾರಗಳಲ್ಲಿ ಊರೂರಿಗೆ ಕಾರು ಓಡಿಸಿಕೊಂಡು ಹೋಗಿ, ಯಾರದಾದರೂ ಮನೆಯ ಹಾಲಿನಲ್ಲಿ ಆಯುರ್ವೇದ ಮತ್ತು ಹಸಿ ಆಹಾರದ ಬಗ್ಗೆ ಮಾತಾಡುತ್ತಿದ್ದರು. ಬ್ರೀಫ್‌ಕೇಸಿನಲ್ಲಿ ಕಾಗದದ ಬದಲು ತುರಿಯುವ ಮಣೆ ಇರುತ್ತಿತ್ತು. ಒಂದು ಶನಿವಾರ ಕ್ಯಾರಿಗೂ ಬಂದರು, ವಸಂತಾಳ ಜೊತೆ ನಾನೂ ಕೇಳಲು ಹೋದೆ. ನನಗೆ ಆವತ್ತೇ ಈ ಮನುಷ್ಯ ಸರಿಬರಲಿಲ್ಲ.

"ಸೂರ್ಯ ಬೇಯಿಸಿದ್ದನ್ನ ನೀವ್ಯಾಕ್ರೀ ಮತ್ತೆ ಬೇಯಿಸ್ತೀರಿ?" ಎಂದರು.

"ಹಾಗಾದ್ರೆ ಅಕ್ಕಿನೂ ಬಿಸಿಲಲ್ಲಿ ಇಡೋಣ" ಎಂದು ನಾನು ಪಿಸುಗುಟ್ಟಿದೆ. ವಸಂತಾ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಊಟಕ್ಕೆ ಮೊದಲು ಸೈಂಧವ ಲವಣ ಹಚ್ಚಿದ ಶುಂಠಿ ಚೂರು, ಜಠರಾಗ್ನಿ ಏಳಲಿ ಎಂದು. ನೆನೆಸಿದ ಹೆಸರುಬೇಳೆ, ತುರಿದ ಸೋರೆಕಾಯಿ, ಮೇಲೆ ಜೀರಿಗೆ ಪುಡಿ. ಬೆರಳು ತಾಳುವುದಕ್ಕಿಂತ ಬಿಸಿಯಾದದ್ದು ಯಾವುದೂ ಬೇಡ.

ಜೂನ್ ಐದರಿಂದ ಶುರು ಮಾಡಿದಳು. "ಒಂದು ಮಂಡಲ" ಎಂದಳು. ಅವಳ ಗಂಡ ವೇಣುಗೋಪಾಲ ಹೊಸ ಕಂಪನಿಗೆ ಸೇರಿದ ದಿನವೇ ಅದು. ಅದಕ್ಕೆ ಮುಂಚೆ ನಾಲ್ಕು ತಿಂಗಳು ಅವರಿಗೆ ಕೆಲಸವಿರಲಿಲ್ಲ. ಒಳ್ಳೆಯ ದಿನ ನೋಡಿ ವ್ರತ ಹಿಡಿದಿದ್ದಾಳೆ ಅಂದುಕೊಂಡೆ.

ತಿಂಗಳಾಗುವಷ್ಟರಲ್ಲಿ ಅವಳ ಬಳೆ ಮೊಣಕೈವರೆಗೆ ಜಾರತೊಡಗಿತು. "ನೋಡಿ ಜಹೀದಾ, ನಮ್ಮ ಮನೇಲಿ ಈಗ ಫ್ಯಾಷನ್ ಮಾಡೆಲ್" ಎಂದು ವೇಣು ಹೆಮ್ಮೆಪಟ್ಟರು. ಅವಳ ಕೈಕಾಲು ಸದಾ ತಣ್ಣಗೆ, ಚರ್ಮ ಒಣ ಒಣ. ಲೈಬ್ರರಿಯಲ್ಲಿ ನನ್ನ ಕೆಲಸ ಪುಸ್ತಕಗಳ ನಡುವೆಯೇ ಆದ್ದರಿಂದ ಆಯುರ್ವೇದದ ಎರಡು ಪುಸ್ತಕ ತೆಗೆದು ಓದಿದೆ. ವಾತ ಪ್ರಕೃತಿಯವರಿಗೆ ಹಸಿ, ತಣ್ಣನೆಯ ಆಹಾರ ಆಗದು ಎಂದು ಎರಡರಲ್ಲೂ ಇತ್ತು. ಬದರಿನಾಥರಿಗೆ ಇಷ್ಟೂ ಗೊತ್ತಿಲ್ಲವೇ? ಅಥವಾ ಗೊತ್ತಿದ್ದೂ ಇವಳನ್ನು ಆಡಿಸುತ್ತಿದ್ದಾರೆಯೇ?

ಮಂಡಲದ ಲೆಕ್ಕ ನನಗೆ ಚಿಕ್ಕಂದಿನಿಂದ ಗೊತ್ತು. ಅಬ್ಬಾನ ಕೀಲುನೋವಿಗೆ ಪಂಡಿತರು ಒಂದು ಮಂಡಲ ಲೇಹ್ಯ ಕೊಟ್ಟಾಗ ಅಮ್ಮಿ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ನಲವತ್ತೆಂಟು ಗೆರೆ ಎಳೆದಿದ್ದರು. ವಸಂತಾಳ ನಲವತ್ತೆಂಟು ಜುಲೈ ಇಪ್ಪತ್ತೆರಡಕ್ಕೆ ಮುಗಿಯಿತು. ಮಾರನೆಯ ದಿನ, ಭಾನುವಾರ, ಬಿಸಿಬಿಸಿ ಶಾವಿಗೆ ಪಾಯಸ ಮಾಡಿ ಒಯ್ದೆ.

ಪಾತ್ರೆಯ ಮುಚ್ಚಳ ತೆಗೆದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇನ್ನೂ ಮುಗಿದಿಲ್ಲ ಕಣೇ."

"ನಮ್ಮ ರಂಜಾನೇ ಮೂವತ್ತಕ್ಕೆ ಮುಗಿಯತ್ತೆ. ನಿನ್ನ ಮಂಡಲಕ್ಕೆ ಇನ್ನೂ ಚಂದ್ರ ಕಾಣಲಿಲ್ವೇನೇ?"

"ಸುಮ್ಮನಿರೇ, ಮಾರಾಯ್ತಿ."

ಫ್ರಿಜ್ಜಿನ ಪಕ್ಕದಲ್ಲಿ ಇಂಡಿಯನ್ ಅಂಗಡಿಯವರು ಕೊಟ್ಟ ಲಕ್ಷ್ಮಿ ಕ್ಯಾಲೆಂಡರು ಇತ್ತು. ಅವಳು ಬಾತ್‌ರೂಮಿಗೆ ಹೋದಾಗ ಮಗುಚಿ ನೋಡಿದೆ. ಕಳೆದ ಪ್ರತಿ ದಿನಕ್ಕೂ ಸಣ್ಣ ಗೀಟು. ಸೆಪ್ಟೆಂಬರ್ ಐದಕ್ಕೆ ಒಂದು ಸುತ್ತು. ಎಣಿಸಿದೆ. ತೊಂಬತ್ತಮೂರು ದಿನ. ಅವಳು ಬಾತ್‌ರೂಮಿನಿಂದ ಹೊರಗೆ ಬರಲು ಬಹಳ ಹೊತ್ತಾಯಿತು.

ಸೋಮವಾರ ರೆಸ್ಟನ್ನಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. "ಯಾವ ಶಾಸ್ತ್ರದಲ್ಲಿದೆ ಸ್ವಾಮಿ, ತೊಂಬತ್ತಮೂರು ದಿನದ ಮಂಡಲ?"

"ಯಾರು ಹೇಳಿದ್ದು ತೊಂಬತ್ತಮೂರು?" ಬದರಿನಾಥರಿಗೂ ಸಿಟ್ಟು ಬಂತು. "ಆಕೆಗೆ ಹಸೀದು ಬೇಡವೇ ಬೇಡ, ಗಂಜಿ, ತಿಳಿಸಾರು ತಗೊಳ್ಳಿ ಅಂದಿದ್ದೆ. ಹೊಟ್ಟೆನೋವು ಎಷ್ಟು ದಿನದಿಂದ ಅಂತ ಕೇಳಿದ್ರೆ ಮಾತು ತೇಲಿಸಿದ್ರು. ಮೊದಲು ಡಾಕ್ಟರ್ ಹತ್ರ ಹೋಗಿ ಅಂತಾನೂ ಹೇಳಿದೀನಿ. ಹೋದ್ರಾ?"

ಯಾವ ಹೊಟ್ಟೆನೋವು ಎಂದು ಕೇಳುವ ಧೈರ್ಯವಾಗದೆ ಫೋನ್ ಇಟ್ಟೆ.

ಮಂಗಳವಾರ ವೇಣು ಆಫೀಸಿಗೆ ಹೋದ ಮೇಲೆ ಅವಳ ಮುಂದೆ ಕುಳಿತೆ. ಮೊದಲು ಬದರಿನಾಥರಿಗೆ ಏನೂ ಗೊತ್ತಿಲ್ಲ ಎಂದಳು. ಆಮೇಲೆ ನಿನಗೂ ಗೊತ್ತಿಲ್ಲ ಎಂದಳು. ಕೊನೆಗೆ, ಮಾರ್ಚಿನಿಂದ ಮಲದಲ್ಲಿ ರಕ್ತ ಹೋಗುತ್ತಿದೆ ಎಂದಳು. ಬೇಯಿಸಿದ್ದರ ವಾಸನೆಗೇ ಹೊಟ್ಟೆ ತೊಳೆಸುತ್ತದೆ, ತಣ್ಣಗಿರುವ ತುರಿ ಸ್ವಲ್ಪ ಇಳಿಯುತ್ತದೆ. ವ್ರತ ಅಂದುಬಿಟ್ಟರೆ ಯಾಕೆ ತಿನ್ನುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ.

"ಡಾಕ್ಟರಿಗೆ ತೋರಿಸೋಕೇನು ಧಾಡಿ?"

"ವೇಣು ಹೊಸ ಕಂಪನೀಲಿ ತೊಂಬತ್ತು ದಿನ ಆಗೋವರೆಗೂ ಇನ್ಶೂರೆನ್ಸ್ ಇಲ್ಲ. ಈಗ ಡಾಕ್ಟರು ಕಾಯಿಲೆಗೆ ಒಂದು ಹೆಸರು ಬರೆದರು ಅಂದ್ಕೋ, ಇನ್ಶೂರೆನ್ಸಿನವರು ಇದು ಹಳೇ ಕಾಯಿಲೆ, ದುಡ್ಡು ಕೊಡಲ್ಲ ಅಂತಾರೆ. ಬರೀದೆ ಇದ್ರೆ ಇದು ಬರೀ ಹೊಟ್ಟೆನೋವು." ಬೆರಳು ಮಡಿಸಿ ತೋರಿಸಿದಳು. "ಸೆಪ್ಟೆಂಬರ್ ಎರಡು, ಶನಿವಾರಕ್ಕೆ ತೊಂಬತ್ತು ದಿನ ಮುಗಿಯತ್ತೆ. ಸೋಮವಾರ ಲೇಬರ್ ಡೇ, ರಜಾ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಾಗಿದೆ."

"ವೇಣುಗೆ ಹೇಳ್ತೀನಿ."

"ಹೇಳಿದ್ರೆ ನಾಳೆನೇ ಎಳ್ಕೊಂಡು ಹೋಗ್ತಾನೆ."

"ಅದಕ್ಕೇ ಹೇಳ್ತೀನಿ."

"ಇನ್ನು ನಲವತ್ತೆರಡೇ ದಿನ ಕಣೇ, ಜಹೀದಾ." ನನ್ನ ಕೈ ಹಿಡಿದುಕೊಂಡಳು. ಆ ತಣ್ಣನೆಯ ಕೈ ನನಗೆ ಈಗಲೂ ನೆನಪಿದೆ. "ಜೀರಿಗೆ, ಶುಂಠಿ ಸ್ವಲ್ಪ ತಡೀತಾ ಇದೆ. ಆಣೆ ಮಾಡು."

ಮಾಡಿದೆ. ಆ ನಲವತ್ತೆರಡು ದಿನವೂ ಅವಳಿಗೆ ಸೋರೆಕಾಯಿ ತುರಿದು ಕೊಟ್ಟವಳು ನಾನೇ.

ಸೆಪ್ಟೆಂಬರ್ ಐದಕ್ಕೆ ಹೋದಳು. ಕರುಳಿನಲ್ಲಿ ಗಡ್ಡೆ, ಆಗಲೇ ಲಿವರಿಗೂ ಹಬ್ಬಿತ್ತು. ಇನ್ಶೂರೆನ್ಸಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಅವಳ ಲೆಕ್ಕ ಸರಿಯಾಗಿತ್ತು. ಎರಡು ತಿಂಗಳು ಮುಂಚೆ ಬಂದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತನ್ನು ನಾನು ನಂಬುವುದಿಲ್ಲ. ಉಳಿದವರು ಬದುಕಬೇಕಲ್ಲ ಎಂದು ಹಾಗೆ ಹೇಳುತ್ತಾರೆ. ಫೆಬ್ರವರಿಯಲ್ಲಿ ಹೋಗಿಬಿಟ್ಟಳು. ಮೂವತ್ತಾರು ವರ್ಷ.

ವೈಕುಂಠ ಸಮಾರಾಧನೆಯ ದಿನ ಬದರಿನಾಥರು ಬಂದಿದ್ದರು. ಯಾರೂ ಅವರ ಪಕ್ಕದಲ್ಲಿ ಕೂರಲಿಲ್ಲ. ಅವರು ನನ್ನತ್ತ ಒಮ್ಮೆ ನೋಡಿದರು. ನಾನು ಬಾಯಿ ತೆರೆಯುತ್ತೇನೆಂದು ಕಾದರೇನೋ. ನಾನು ತೆರೆಯಲಿಲ್ಲ.

ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತಿದ್ದಾಗ ವೇಣು ಹೋದ ವರ್ಷದ ಲಕ್ಷ್ಮಿ ಕ್ಯಾಲೆಂಡರನ್ನು ತಂದು ಮೇಜಿನ ಮೇಲೆ ಹರಡಿದರು.

"ಜಹೀದಾ, ನಿಮ್ಮ ತಂದೆಯವರು ಲೇಹ್ಯ ತಗೋತಿದ್ರು ಅಂತಿದ್ರಲ್ಲ. ಒಂದು ಮಂಡಲ ಅಂದ್ರೆ ಎಷ್ಟು ದಿನ?"

ಗೊತ್ತಿಲ್ಲ ಎನ್ನಬಹುದಿತ್ತು. "ನಲವತ್ತೆಂಟು" ಎಂದೆ.

ಅವರ ಬೆರಳು ಗೀಟುಗಳ ಮೇಲೆ ಒಂದೊಂದಾಗಿ ನಡೆಯಿತು. ಜುಲೈ ಇಪ್ಪತ್ತೆರಡಕ್ಕೆ ಬಂದು ನಿಂತಿತು. ಮತ್ತೆ ಹೊರಟು, ಪುಟ ಮಗುಚಿ, ಸೆಪ್ಟೆಂಬರಿನ ಸುತ್ತಿನವರೆಗೆ ಹೋಯಿತು. "ಶನಿವಾರಕ್ಕೆ ತೊಂಬತ್ತು ದಿನ..." ಎಂದು ತಮ್ಮಷ್ಟಕ್ಕೆ ಅಂದರು. ತಲೆಯೆತ್ತದೆ ಕೇಳಿದರು, "ನಿಮಗೆ ಯಾವಾಗ ಗೊತ್ತಾಯ್ತು?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಪುಟಗಳನ್ನು ಹಿಂದಕ್ಕೆ ಮಗುಚಿ, ಜುಲೈ ಇಪ್ಪತ್ತೈದರ ಮೇಲೆ ಬೆರಳಿಟ್ಟೆ.