ಸಾಮಾನಿನ ಜೊತೆ ಒಬ್ಬರಿರಬೇಕು

ಫತೇಗಂಜಿನ ನಮ್ಮ ಸೊಸೈಟಿಯ ಗೇಟಿನ ಹೊರಗೆ, ಸ್ಪ್ರಿಂಗು ಹೊರಬಂದ ಸೋಫಾದ ಮೇಲೆ ಒಬ್ಬ ಹಿರಿಯರು ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದುತ್ತಿದ್ದರು. ವಡೋದರಾಕ್ಕೆ ವರ್ಗವಾಗಿ ಬಂದ ದಿನ ನಾನು ಮೊದಲು ಕಂಡದ್ದು ಅದನ್ನೇ. ಲಾರಿಯಿಂದ ನಮ್ಮ ಸಾಮಾನು ಇಳಿಯುತ್ತಿತ್ತು. ಇಲ್ಲಿ ಯಾರಿಗೆ ಕನ್ನಡ ಬರುತ್ತೆ ಎಂಬ ಧೈರ್ಯದ ಮೇಲೆ ನಾನು ಗಂಡನಿಗೆ, "ಪಾಪ, ಸೋಫಾ ಜೊತೆ ಇವರನ್ನೂ ಹೊರಗಿಟ್ಟಿದ್ದಾರೇನೋ" ಎಂದೆ. ಪೇಪರಿನ ಹಿಂದಿನಿಂದ ಉತ್ತರ ಬಂತು:

"ಇನ್ನೂ ಇಟ್ಟಿಲ್ಲವಾ. ನಮ್ಮಾಕಿ ವಿಚಾರ ಮಾಡ್ಲಿಕ್ಕತ್ಯಾಳ."

ಅವರೇ ಹಣಮಂತರಾವ್ ಕಾಕಾ. ಹುಬ್ಬಳ್ಳಿಯವರು. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತ ಊರೂರು ಅಲೆದು, ಕೊನೆಗೆ ವಡೋದರಾದಲ್ಲಿ ನಿವೃತ್ತರಾಗಿ ಇಲ್ಲಿಯೇ ನಿಂತವರು. ಕೆಳಗಿನ ಮನೆಯಲ್ಲಿ ಅವರು ಮತ್ತು ಸಿಂಧೂ ಕಾಕು ಇಬ್ಬರೇ. ಮಕ್ಕಳಿರಲಿಲ್ಲ. ಮೇಲಿನ ಮನೆಗೆ ಬಂದ ನಾನು ತುಮಕೂರಿನವಳು. ನನ್ನ ಕನ್ನಡಕ್ಕೆ ಅವರು ನಗುತ್ತಿದ್ದರು, ಅವರ ಕನ್ನಡಕ್ಕೆ ನಾನು ನಗುತ್ತಿದ್ದೆ. ಆ ನಗುವಿನಲ್ಲೇ ನಂಟು ಬೆಳೆಯಿತು.

ಆ ಸೋಫಾ ಅವರದಾಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಸೊಸೈಟಿಯಲ್ಲಿ ಯಾರೇ ಮಂಚ, ಕಪಾಟು, ಹಾಸಿಗೆ, ಕೆಟ್ಟ ಫ್ರಿಜ್ಜು ಹೊರಗೆ ಹಾಕಲಿ, ಪಾಲಿಕೆಯ ಟೆಂಪೊ ಬರುವ ತನಕ ಕಾಕಾ ಅದರ ಪಕ್ಕದಲ್ಲಿರುತ್ತಿದ್ದರು. ಕೂರುವಂಥದ್ದಾದರೆ ಕೂರುತ್ತಿದ್ದರು, ಇಲ್ಲವಾದರೆ ಒಂದು ಕೈ ಅದರ ಮೇಲಿಟ್ಟು ನಿಲ್ಲುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಸಾಮಾನಿನ ಬಾಜೂಕ ಒಬ್ಬ ಮನಷ್ಯಾ ಇರಬೇಕವಾ. ಇಲ್ಲಂದ್ರ ಅದು ಬೇವಾರಸ ಆಗ್ತದ" ಎಂದರು. ಯಾರೂ ಬಿಡಿಸಿಕೊಳ್ಳದೆ ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದ ಗಂಟುಗಳನ್ನು ಅವರು ನೌಕರಿಯುದ್ದಕ್ಕೂ ನೋಡಿದ್ದರು. ಯಾರದೋ ಹೊಲಿಗೆ ಯಂತ್ರ, ಯಾರದೋ ಮಗುವಿನ ತೊಟ್ಟಿಲು. ಅವು ಹರಾಜಿಗೆ ಹೋಗುವ ದಿನ ಕಾಕಾ ರಜೆ ಹಾಕುತ್ತಿದ್ದರಂತೆ.

ಟೆಂಪೊ ಓಡಿಸುವ ಬಾಬುಭಾಯಿಗೂ ಈ ಹುಚ್ಚು ಹಿಡಿಸಿತ್ತು. ಗಾಡಿ ನಿಲ್ಲಿಸಿದವನೇ ಕಿಟಕಿಯಿಂದ ತಲೆ ಹೊರಹಾಕಿ, "ಕಾಕಾ, ಸಾಥ್ ಮೇ ಕೌನ್ ಹೈ?" ಎಂದು ಕೇಳುವನು. ಜೊತೆಯಲ್ಲಿ ಯಾರಿದ್ದಾರೆ ಎಂದು. ಕಾಕಾ ಎದ್ದು ನಿಂತು, ಅಂಗಿಯ ಚುಂಗು ಜಗ್ಗಿ ಸರಿಮಾಡಿಕೊಂಡು, "ಮೈ ಹೂಂ" ಎನ್ನುವರು, ನಾನಿದ್ದೇನೆ ಎಂದು. ಆಮೇಲೆಯೇ ಸಾಮಾನಿಗೆ ಕೈ ಹಚ್ಚಬೇಕು. ಬಾಬುಭಾಯಿ ಒಮ್ಮೆಯೂ ಇದನ್ನು ತಪ್ಪಿಸಲಿಲ್ಲ.

ದೀಪಾವಳಿ ಹತ್ತಿರ ಬಂದರೆ ಕಾಕಾಗೆ ಬಿಡುವೇ ಇರುತ್ತಿರಲಿಲ್ಲ. ಮನೆ ತೊಳೆಯುವ ಭರದಲ್ಲಿ ಗುಜರಾತಿಗಳು ಹಳೆಯದನ್ನೆಲ್ಲ ಹೊರಗೆ ಹಾಕುತ್ತಾರೆ. ಒಂದು ಸಲ ಹರಕು ಗಾದಿಯ ಮೇಲೆ ಕೂತು ತೂಕಡಿಸುತ್ತಿದ್ದ ಕಾಕಾನನ್ನು ಕಂಡು, ಸ್ಕೂಟರಿನಲ್ಲಿ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಮನೆಯಿಲ್ಲದವರೆಂದು ಬಗೆದು, ಫಾಫ್ಡಾ ಜಿಲೇಬಿಯ ಪೊಟ್ಟಣ ಕೈಗಿಟ್ಟು, ಕೈಮುಗಿದು ಹೋದಳು. ಕಾಕು ಇದನ್ನು ಕೇಳಿ ಸಿಟ್ಟಾದರು. "ಹೇಳಬಾರದೇನು, ನಾ ಪೆನ್ಶನ್ದಾರ ಇದ್ದೀನಿ ಅಂತ? ಮಾನಾ ಕಳದ್ರಿ!"

"ಆಕಿ ಅಷ್ಟು ಪ್ರೀತೀಲೆ ಕೊಟ್ಲು, ಹೆಂಗ ಬ್ಯಾಡನ್ಲಿ? ತಿಂದೆ. ಫಾಫ್ಡಾ ಛಲೋ ಇತ್ತು," ಎಂದರು ಕಾಕಾ. "ನಿನಗೂ ಒಂದೀಟು ತಂದೀನಿ, ತಗೋ."

ಕಾಕು ಮುಖ ತಿರುಗಿಸಿದರು. ಆದರೆ ತಿಂದರು.

ಅವರು ಅದನ್ನು ತಿಂದದ್ದು ಹಿಂಚ್ಕೋ ಮೇಲೆ ಕೂತು. ಇಲ್ಲಿ ಮನೆಮನೆಯ ಹಜಾರದಲ್ಲಿ ಸರಪಳಿಗೆ ತೂಗುಹಾಕುವ ಮರದ ಉಯ್ಯಾಲೆಗೆ ಹಾಗೆನ್ನುತ್ತಾರೆ. "ಮನ್ಯಾಗ ಹಿರೇರು ಜೋಕಾಲಿ ಆಡೋದಂದ್ರೇನು" ಎಂದು ಮೊದಮೊದಲು ಮೂಗು ಮುರಿದಿದ್ದ ಕಾಕು, ಆಮೇಲೆ ತಾವೇ ಹಟ ಹಿಡಿದು ಸಾಗುವಾನಿ ಹಲಗೆಯದನ್ನು ತರಿಸಿದ್ದರು. ಮೆಂತ್ಯ ಸೋಸುವುದು, ಬತ್ತಿ ಹೊಸೆಯುವುದು, ಕಾಕಾನನ್ನು ಬೈಯುವುದು ಎಲ್ಲ ಅದರ ಮೇಲೆಯೇ. ಬೈಗುಳ ಏರಿದಂತೆ ಉಯ್ಯಾಲೆಯೂ ಜೋರಾಗುತ್ತಿತ್ತು. ನಮ್ಮ ಮನೆಯ ತನಕ ಸರಪಳಿಯ ಕಿರ್ ಕಿರ್ ಕೇಳುತ್ತಿತ್ತು. ಒಂದು ಚಳಿಗಾಲದಲ್ಲಿ ಜ್ವರವೆಂದು ಮಲಗಿದ ಕಾಕು ಮತ್ತೆ ಏಳಲಿಲ್ಲ. ಆ ಕಿರ್ ಕಿರ್ ನಿಂತ ಮೇಲೆ ನನಗೇ ನಿದ್ದೆ ಬರುತ್ತಿರಲಿಲ್ಲ. ಕಾಕಾ ಆ ಉಯ್ಯಾಲೆಯ ಮೇಲೆ ಕೂರಲಿಲ್ಲ, ಬೇರೆಯವರನ್ನೂ ಕೂರಿಸಲಿಲ್ಲ. ದಿನಾ ಬೆಳಿಗ್ಗೆ ಒರೆಸುತ್ತಿದ್ದರು, ಅಷ್ಟೇ.

ಅದೇ ಹೊತ್ತಿಗೆ ವಾರ್ಡಿನಲ್ಲಿ ಒಂದು ಚರ್ಚೆ ಎದ್ದಿತು. ದೊಡ್ಡ ಸಾಮಾನು ಒಯ್ಯಲು ಇನ್ನು ಮೇಲೆ ಶುಲ್ಕ ಇಡಬೇಕೇ ಎಂದು ಜನರನ್ನು ಸಭೆಗೆ ಕರೆದಿದ್ದರು. ನಮ್ಮ ಸೊಸೈಟಿಯ ಕಾರ್ಯದರ್ಶಿ ಪರೇಶ್‌ಭಾಯಿ, ಇಡಲೇಬೇಕೆಂದು ವಾದಿಸಿದರು. ವರ್ಷಕ್ಕೊಂದು ಸೋಫಾ ಬದಲಿಸುವವರ ಕಸವನ್ನು, ಚಾಪೆಯ ಮೇಲೆ ಮಲಗುವವರ ತೆರಿಗೆಯಲ್ಲಿ ಯಾಕೆ ಸಾಗಿಸಬೇಕು ಎಂದರು. ಮಾತು ನ್ಯಾಯವಾಗಿಯೇ ಇತ್ತು. ನಾನೂ ತಲೆದೂಗಿದೆ. ಕಾಕಾ ಎದ್ದು, ತಮ್ಮ ಹಿಂದಿ ಗುಜರಾತಿ ಕಲಸಿದ ಭಾಷೆಯಲ್ಲಿ, ಶುಲ್ಕ ಬಿದ್ದರೆ ಜನ ಕತ್ತಲಲ್ಲಿ ತಂದು ಗೋಡೆಯ ಆಚೆ ಎಸೆಯುತ್ತಾರೆ, ಎಲ್ಲ ಬೇವಾರಸು ಆಗುತ್ತದೆ ಎಂದರು. ಯಾರೋ ನಕ್ಕರು. ಕಾಕಾ ಕೂತುಬಿಟ್ಟರು.

ಮನೆಗೆ ಬರುವಾಗ ಕಾಕಾ ಗೇಟಿನ ಹತ್ತಿರ ನಿಂತು ಹೇಳಿದರು: "ಸೋಫಾ ಬದಲಿ ಮಾಡೋವ್ರ ಕಡೆ ತಗೊಳ್ಳಿ, ಯಾರು ಬ್ಯಾಡಂದ್ರು? ಆದ್ರ ಮನ್ಯಾಗಿನ ಸಾಮಾನು ಎಲ್ಲಾ ಖುಷೀಲೆ ಹೊರಗ ಬೀಳಂಗಿಲ್ಲವಾ. ಸತ್ತವರ ಹಾಸಿಗೀನೂ ಇದ ಗೇಟ್ನ್ಯಾಗಿಂದ ಹೋಗ್ತದ. ಆವಾಗ ರೊಕ್ಕಾ ಕೇಳ್ತಾರೇನು?"

ಮುಂದಿನ ಮಳೆಗಾಲದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ನಮ್ಮ ಬೀದಿಗೂ ನೀರು ನುಗ್ಗಿತು. ಕಾಕಾನನ್ನು ಮೇಲೆ ನಮ್ಮ ಮನೆಗೆ ಕರೆತಂದೆವು. ಪಕ್ಕದ ಗಲ್ಲಿಯಲ್ಲಿ ಮೊಸಳೆ ಬಂದಿದೆಯಂತೆ ಎಂದು ಎಲ್ಲರೂ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದರೆ, ಕಾಕಾ ಒಳಗೆ ಕೂತು ನೆಲವನ್ನೇ ನೋಡುತ್ತಿದ್ದರು. ಆ ನೆಲದ ಕೆಳಗೆ ಕಾಕುವಿನ ಉಯ್ಯಾಲೆ ಇತ್ತು.

ನೀರು ಇಳಿದಾಗ ಬೀದಿಯುದ್ದಕ್ಕೂ ಹಾಸಿಗೆ, ಮಂಚ, ಕಪಾಟುಗಳ ರಾಶಿ ಬಿತ್ತು. ಆಗ ಶುಲ್ಕದ ಮಾತೆತ್ತುವವರಿರಲಿಲ್ಲ. ಟೆಂಪೊಗಳು ಬಂದು ತುಂಬಿಕೊಂಡು ಹೋಗುತ್ತಲೇ ಇದ್ದವು. ಉಯ್ಯಾಲೆಯ ಹಲಗೆ ಉಬ್ಬಿ ಸೀಳಿತ್ತು, ಕೆಸರಿನ ವಾಸನೆ ಹೋಗುವಂತಿರಲಿಲ್ಲ. ನಾನೂ ನನ್ನ ಗಂಡನೂ ಅದನ್ನು ಹೊತ್ತು ತಂದು ಗೇಟಿನ ಹತ್ತಿರ ಇಟ್ಟಿಗೆಗಳ ಮೇಲಿಟ್ಟೆವು. ಕಾಕಾ ಹಿಂದೆಯೇ ಬಂದರು. ಹಲಗೆಯ ಮೇಲೆ ಕೈ ಇಟ್ಟರು, ತೆಗೆದರು.

"ನೀ ಕುಂದ್ರವಾ," ಎಂದರು. "ನನ್ನ ಕಡಿಂದ ಆಗಂಗಿಲ್ಲ. ನಾ ಕುಂತ್ರ ಮತ್ತ ಏಳಂಗಿಲ್ಲ."

ನಾನು ಆ ಒದ್ದೆ ಹಲಗೆಯ ಮೇಲೆ ಕೂತೆ. ಅಳು ತಡೆಯಲಾಗಲಿಲ್ಲ. ಕಾಕಾ ಮನೆಯ ಮೆಟ್ಟಿಲವರೆಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಬಾಬುಭಾಯಿ ಬಂದ. ಎಷ್ಟೋ ಮನೆಗಳ ಕೆಸರು ಹೊತ್ತು ಸುಸ್ತಾಗಿದ್ದ. ಆದರೂ ಹಲಗೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದ: "ಸಾಥ್ ಮೇ ಕೌನ್ ಹೈ?" ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೇಳಿಸಿತು, "ಮೈ ಹೂಂ." ಅವರು ತಿರುಗಲಿಲ್ಲ.

ಆಮೇಲೆ ಕಾಕಾ ಗೇಟಿಗೆ ಬರುವುದು ಕಡಿಮೆಯಾಯಿತು. ಹೊಸ ಕಬ್ಬಿಣದ ಮಂಚವೊಂದನ್ನು ತಂದುಕೊಂಡು ಹೆಚ್ಚು ಹೊತ್ತು ಅದರ ಮೇಲೆಯೇ ಮಲಗಿರುತ್ತಿದ್ದರು. ಒಂದು ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಇಳಿದಾಗ ಅವರಿಗೆ ಎಚ್ಚರವಾಗಲಿಲ್ಲ. ಹುಬ್ಬಳ್ಳಿಯಿಂದ ಅಣ್ಣನ ಮಗ ಬಂದು ಕರ್ಮ ಮುಗಿಸಿ, ಮಂಚ ಹಾಸಿಗೆ ಮನೆಯಲ್ಲಿ ಇಡಬೇಡಿ, ಕಳಿಸಿಬಿಡಿ ಅಕ್ಕಾ ಎಂದು ಹೇಳಿ ಹೋದ.

ಅಷ್ಟರಲ್ಲಿ ಶುಲ್ಕ ಬಂದಿತ್ತು. ಪರೇಶ್‌ಭಾಯಿ ಹೇಳಿದಂತೆ ಸೋಫಾ ಬದಲಿಸುವವರು ಕಡಿಮೆಯಾಗಿದ್ದರು. ಕಾಕಾ ಹೇಳಿದಂತೆ ಹಿಂದಿನ ಗೋಡೆಯ ಆಚೆ ಹಾಸಿಗೆಗಳೂ ಬಿದ್ದಿದ್ದವು. ಫೋನಿನಲ್ಲಿ ಹೆಸರು ಬರೆಸಿ ಶುಲ್ಕ ಕಟ್ಟುವಾಗ ನನಗೆ ಕಾಕಾ ಗೇಟಿನ ಬಳಿ ಕೇಳಿದ ಪ್ರಶ್ನೆಯೇ ನೆನಪಾಯಿತು. ಹೌದು ಕಾಕಾ, ಸತ್ತವರ ಹಾಸಿಗೆಗೂ ಕೇಳುತ್ತಾರೆ.

ಹೇಳಿದ ಹೊತ್ತಿಗೆ ಮಂಚವನ್ನು ಗೇಟಿನ ಹತ್ತಿರ ಇಡಿಸಿ, ಹಾಸಿಗೆಯ ಅಂಚಿನಲ್ಲಿ ಕೂತೆ. ಬಂದದ್ದು ಬೇರೆ ಗಾಡಿ. ಬಾಬುಭಾಯಿಯನ್ನು ಬೇರೆ ವಾರ್ಡಿಗೆ ಹಾಕಿದ್ದರಂತೆ. ಹೊಸ ಹುಡುಗ ಫೋನಿನಲ್ಲಿ ನಂಬರು ನೋಡಿಕೊಂಡು ನೇರ ಮಂಚದ ಕಾಲಿಗೆ ಕೈ ಹಾಕಿದ. ಏನೂ ಕೇಳಲಿಲ್ಲ. ನಾನು ಎದ್ದು ಸೆರಗು ಸರಿಮಾಡಿಕೊಂಡು, ಕೇಳದಿದ್ದರೂ ಹೇಳಿದೆ:

"ಮೈ ಹೂಂ."

ಅವನಿಗೆ ಅರ್ಥವಾಗಲಿಲ್ಲ. "ಹಾ ಬೆನ್, ಹಾ," ಎಂದು, ಪಕ್ಕಕ್ಕೆ ಸರಿಯುವಂತೆ ನನಗೆ ಕೈ ಮಾಡಿ, ಮಂಚ ಎತ್ತಿದ.