ತಂಗಿ ಅಚ್ಚು ಹಾಕಿಸಿದ ಘನಫಲದ ಪಾಠ

ನಾಲ್ಕನೇ ತರಗತಿಯ ಮಕ್ಕಳು ಆಕೆಯನ್ನು ಕರೆಯುತ್ತಿದ್ದದ್ದೇ ಡಬ್ಬಿ ಟೀಚರ್ ಎಂದು. ಚಪ್ಪಲಿ ಅಂಗಡಿಗೆ ಹೋಗಲಿ, ಔಷಧಿ ಅಂಗಡಿಗೆ ಹೋಗಲಿ, ಖಾಲಿ ಡಬ್ಬಿ ಕೇಳಿ ತರದೆ ಬಂದವಳಲ್ಲ. ಮಂಚದ ಕೆಳಗೆ ಕಸಬರಿಕೆ ತೂರಿಸಲೂ ಜಾಗವಿರಲಿಲ್ಲ. ಇನ್ನೊಂದು ಡಬ್ಬಿ ಬಂದರೆ ನಾನೇ ಅದರೊಳಗೆ ಮಲಗಬೇಕಾಗುತ್ತದೆ ಎಂದು ಗಂಡ ಗೊಣಗುತ್ತಿದ್ದ. ಗೊಣಗುತ್ತಲೇ ತನ್ನ ಆಫೀಸಿನಿಂದಲೂ ಒಂದೆರಡು ಹೊತ್ತು ತರುತ್ತಿದ್ದ.

ಚಿಕ್ಕವಳಿದ್ದಾಗ ಗಣಿತವೆಂದರೆ ಆಕೆಯ ಕೈಕಾಲು ತಣ್ಣಗಾಗುತ್ತಿತ್ತು. ಪುಸ್ತಕದಲ್ಲಿ ಬರೆದ ಇಟ್ಟಿಗೆ ರಾಶಿಯನ್ನು ಎಣಿಸು ಎಂದರೆ ಕಣ್ಣಿಗೆ ಕಂಡಷ್ಟನ್ನೇ ಎಣಿಸಿ ಬೈಸಿಕೊಳ್ಳುತ್ತಿದ್ದಳು. ಹಿಂದೆ ಅಡಗಿರುವ ಇಟ್ಟಿಗೆಯನ್ನು ಮನಸ್ಸಿನಲ್ಲಿ ಕಾಣುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ತಾನು ಪಾಠ ಕಟ್ಟುವಾಗ ಒಂದೇ ದಾರಿ ಇಟ್ಟುಕೊಳ್ಳುತ್ತಿರಲಿಲ್ಲ. ಮಕ್ಕಳು ಸಿಕ್ಕಿಬಿದ್ದರೆ ಮರದ ತುಂಡುಗಳಿಂದ ರಾಶಿ ಕಟ್ಟಿಸಿ, ಮತ್ತೆ ಕೆಡವಿಸುವುದು. ಚುರುಕಾಗಿ ಓಡಿದರೆ ಡಬ್ಬಿಯ ತಳಕ್ಕೆ ಒಂದೇ ಸಾಲು ತುಂಡು ಜೋಡಿಸಿ, ಪೂರ್ತಿ ತುಂಬಲು ಎಷ್ಟು ಬೇಕೆಂದು ಊಹಿಸಲು ಬಿಡುವುದು. ಎರಡೂ ಬೇಡವೆಂದು ಗಲಾಟೆ ಎದ್ದರೆ ಡಬ್ಬಿಯನ್ನೇ ಬಿಚ್ಚಿ ನೆಲಕ್ಕೆ ಹರಡಿ, ಮತ್ತೆ ಮಡಚಿಸುವುದು.

ಈ ಕೆಲಸದಲ್ಲಿ ಆಕೆಗೆ ಜೊತೆಯಾಗಿದ್ದವಳು ಒಡಹುಟ್ಟಿದ ತಂಗಿ. ಅವಳನ್ನು ಓದಿಸಿ ಅದೇ ಶಾಲೆಗೆ ಸೇರಿಸಿದ್ದೂ ಅಕ್ಕನೇ. ಭಾನುವಾರ ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಡಬ್ಬಿಗಳ ನಡುವೆ ಕೂತರೆ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ. ಅಕ್ಕ ಹೇಳುವಳು, ತಂಗಿ ಅಂದವಾಗಿ ಚಿತ್ರ ಬರೆಯುವಳು.

ಮುಂದೆ ತಂಗಿಯನ್ನು ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಆರಿಸಿದರು. ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು. ಭಾನುವಾರಗಳು ನಿಂತುಹೋದವು. ಪಾಪ, ಪುರುಸೊತ್ತಿಲ್ಲ ಎಂದುಕೊಂಡಳು.

ಮರುವರ್ಷ ಅಕ್ಕನಿಗೂ ತರಬೇತಿಗೆ ಕರೆ ಬಂತು. ಸಭಾಂಗಣದ ಬಾಗಿಲಲ್ಲೇ ಎಲ್ಲರ ಕೈಗೂ ಹೊಸ ಪುಸ್ತಕ ಕೊಟ್ಟರು. ರಟ್ಟಿನ ಮೇಲೆ ತಂಗಿಯ ಹೆಸರೊಂದೇ ಇತ್ತು. ಒಳಗೆ ಅದೇ ಚಪ್ಪಲಿ ಡಬ್ಬಿ, ಅದೇ ಮರದ ತುಂಡು. ಆದರೆ ದಾರಿ ಮಾತ್ರ ಒಂದೇ. ಯಾವ ನಿಮಿಷಕ್ಕೆ ಏನು ಹೇಳಬೇಕೆಂದು ಗೆರೆ ಕೊರೆದಂತೆ ಬರೆದಿತ್ತು. ವೇದಿಕೆಯ ಮೇಲೆ ತಂಗಿ, ತನ್ನ ತರಗತಿಯ ಹುಡುಗಿಯೊಬ್ಬಳು ಉದ್ದನೆಯ ಡಬ್ಬಿಗೇ ಹೆಚ್ಚು ಮರಳು ಹಿಡಿಯುತ್ತದೆಂದು ಹಟ ಹಿಡಿದು, ಸುರಿದು ನೋಡಿ ಅತ್ತ ಕತೆ ಹೇಳಿದಳು. ಸಭೆ ನಕ್ಕಿತು. ಅಕ್ಕ ಪುಸ್ತಕದಿಂದ ತಲೆ ಎತ್ತಿದಳು. ಆ ಹುಡುಗಿಯ ಮೂಗು ಒರೆಸಿ ಸಮಾಧಾನ ಮಾಡಿದವಳು ತಾನು.

ಊಟದ ಹೊತ್ತಿಗೆ ಕೈತೊಳೆಯುವ ನಲ್ಲಿಯ ಹತ್ತಿರ ತಂಗಿ ಸಿಕ್ಕಳು.

"ಆ ಹುಡುಗಿ ನನ್ನ ಕ್ಲಾಸಿನವಳು ಕಣೆ."

"ಯಾರ ಕ್ಲಾಸಾದ್ರೇನಕ್ಕ? ಉದಾಹರಣೆಗೆ ಹೇಳಿದ್ದು."

"ಹೆಸರು ನಿಂದೇ ಹಾಕ್ಕೊಂಡೆ, ಹೊಟ್ಟೆ ಉರಿಯುತ್ತೆ, ಇಲ್ಲ ಅನ್ನಲ್ಲ. ಉಳಿದ ದಾರಿಗಳನ್ನ ಯಾಕೆ ತೆಗೆದೆ?"

"ಎಲ್ಲಾ ಶಾಲೇಲೂ ಒಂದೇ ಥರ ನಡೀಬೇಕು ಅಂದ್ರು. ನೀನು ತಿದ್ತಾ ತಿದ್ತಾ ಕೂತಿದ್ದೆ. ನಾನು ಮುಗಿಸಿದೆ, ಅಷ್ಟೇ" ಎಂದು ತಂಗಿ ಕರವಸ್ತ್ರದಲ್ಲಿ ಕೈ ಒರೆಸಿಕೊಂಡಳು.

ಅಮ್ಮನಿಗೆ ಹೇಳಿದರೆ, ಚಿಕ್ಕವಳು, ಹೊಟ್ಟೆಗೆ ಹಾಕಿಕೋ ಎಂದುಬಿಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ಪುಸ್ತಕದಂತೆ ಪಾಠ ನಡೆಯುತ್ತಿದೆಯೇ ಎಂದು ನೋಡಲು ತಂಗಿಯೇ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಅಂದು ಮಕ್ಕಳು ಅಡಗಿದ ತುಂಡುಗಳ ಲೆಕ್ಕದಲ್ಲಿ ಪೂರ್ತಿ ಎಡವಿದರು. ಅಕ್ಕ ಪುಸ್ತಕ ಮುಚ್ಚಿ, ಮರದ ತುಂಡುಗಳನ್ನು ನೆಲಕ್ಕೆ ಸುರಿದಳು. ಮಕ್ಕಳು ರಾಶಿ ಕಟ್ಟಿದರು, ಸುತ್ತು ಹಾಕಿ ನೋಡಿದರು, ಕೊನೆಗೆ ಸರಿಯಾದ ಉತ್ತರ ಹೇಳಿದರು. ತಂಗಿ ತಲೆ ಎತ್ತದೆ ಏನೋ ಬರೆದುಕೊಳ್ಳುತ್ತಿದ್ದಳು.

ವಾರದೊಳಗೆ ಮುಖ್ಯೋಪಾಧ್ಯಾಯಿನಿ ಕರೆದು, ಇನ್ನು ಮುಂದೆ ಒಂದನೇ ತರಗತಿ ನೋಡಿಕೊಳ್ಳಿ ಎಂದರು. "ನಿಗದಿಯಾದ ಪಾಠ ಮಾಡಲ್ಲ ಅಂತ ನಿಮ್ಮ ತಂಗಿಯೇ ಮೇಲೆ ಹೇಳಿದಾರೆ. ನಾನೇನು ಮಾಡ್ಲಿ?"

ಆಕೆ ಒಂದನೇ ತರಗತಿಯ ಪುಟಾಣಿಗಳ ಮುಂದೆ ಬಟ್ಟಲೊಳಗೆ ಬಟ್ಟಲು ಕೂರಿಸುತ್ತಾ, ಯಾವುದು ಒಳಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಕೇಳುತ್ತಾ ದಿನ ದೂಡಿದಳು. ಗಂಡ ಡಬ್ಬಿ ತಂದರೂ ನೋಡುತ್ತಿರಲಿಲ್ಲ.

ಒಂದು ಸಂಜೆ ತಂಗಿಯ ಫೋನ್ ಬಂತು. ಆ ಅಡಗಿದ ತುಂಡುಗಳ ಪಾಠ ಎಷ್ಟೋ ಶಾಲೆಗಳಲ್ಲಿ ಮಕ್ಕಳ ತಲೆಗೆ ಹತ್ತುತ್ತಿಲ್ಲವಂತೆ. "ಆಗ ಏನು ಮಾಡ್ಬೇಕು ಅಂತ ಟೀಚರುಗಳು ನನ್ನ ಪ್ರಾಣ ತಿಂತಿದಾರೆ. ನೀನು ಏನೋ ಮಾಡ್ತಿದ್ದೆಯಲ್ಲ ಅಕ್ಕ, ಸ್ವಲ್ಪ ಹೇಳು."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಪುಸ್ತಕದಲ್ಲಿ ಇರೋದನ್ನೇ ಮಾಡೋಕೆ ಹೇಳು" ಎಂದು ಆಕೆ ಫೋನ್ ಇಟ್ಟಳು.

ಎಲ್ಲೋ ಕಾಣದ ಶಾಲೆಯ ಮಕ್ಕಳು ಮಿಕಿಮಿಕಿ ನೋಡುತ್ತಾ ಕೂತಿರುತ್ತಾರೆಂದು ನೆನಪಾಯಿತು. ಗೊತ್ತಿದ್ದದ್ದನ್ನು ಯಾರಿಗೂ ಇಲ್ಲವೆಂದವಳಲ್ಲ. ಎರಡು ಸಲ ಫೋನ್ ಕೈಗೆತ್ತಿಕೊಂಡಳು. ಮಾಡಲಿಲ್ಲ.