ಶನಿವಾರ ಮಾತ್ರ ಹೋಗುವ ಫ್ಯಾಕ್ಸ್

ಮಂಗಳವಾರ ಬಡಿಸುವ ಊಟದ ಮೆನು, ಉಂಡು ನಾಲ್ಕು ದಿನವಾದ ಮೇಲೆ, ಶನಿವಾರ ಸಂಜೆ ನಾಲ್ಕೂವರೆಗೆ ಫ್ಯಾಕ್ಸಿನಲ್ಲಿ ಬಂದರೆ ನೀವು ಯಾರನ್ನು ಬೈಯುತ್ತೀರಿ?

ಭೋಜಣ್ಣ ಶಕುಂತಲಾಬಾಯಿಯನ್ನು ಬೈದರು. ಬೈದು ಸುಮ್ಮನಾಗಿದ್ದರೆ ಈ ವಾರದ ಅಂಕಣದಲ್ಲಿ ನಾನು ಬೇರೆ ಏನನ್ನಾದರೂ ಬರೆಯುತ್ತಿದ್ದೆ. ಅವರು ಆಕೆಯನ್ನು ಕೆಲಸದಿಂದಲೇ ತೆಗೆಯಲು ಹೊರಟಿದ್ದರು.

ಭೋಜಣ್ಣ ಉಡುಪಿ ಕಡೆಯವರು. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕೈದು ಕಾರ್ಖಾನೆಗಳ ಕ್ಯಾಂಟೀನ್ ಅವರ ಗುತ್ತಿಗೆಯಲ್ಲಿದೆ. ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಳೆಯ ಹೌಸಿಂಗ್ ಸೊಸೈಟಿಯ ನೆಲಮಹಡಿಯ ಫ್ಲ್ಯಾಟಿನಲ್ಲಿ ಅವರ ಆಫೀಸು. ಎರಡು ಮೇಜು, ಒಂದು ಕಬ್ಬಿಣದ ಕಪಾಟು, ಯಾವುದೋ ಕಂಪನಿ ಸಾಕೆಂದು ಹೊರಹಾಕಿದ ಹಳೆಯ ಕಂಪ್ಯೂಟರ್, ಮತ್ತು ಶಕುಂತಲಾಬಾಯಿ. ಈಕೆ ವಿಜಾಪುರದವರು. ಹನ್ನೊಂದು ವರ್ಷದಿಂದ ಇಲ್ಲಿ ಟೈಪಿಂಗು, ಫೋನು, ಪತ್ರ ವ್ಯವಹಾರ ಎಲ್ಲವೂ ಇವರದೇ. ಗಂಡ ಬೆನ್ನು ನೋವಿನಿಂದ ಲೋಡಿಂಗ್ ಕೆಲಸ ಬಿಟ್ಟು ವರ್ಷವಾಯಿತು. ಮನೆ ನಡೆಯುವುದು ಈ ಸಂಬಳದಿಂದ.

ಇನ್ನು ನಾನು. ನಾನು ಐರೋಲಿಯ ಒಂದು ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ ಎಂಬುದು ನಿಮಗೆ ಗೊತ್ತಿದೆ. ಪರ್ಚೇಸ್ ವಿಭಾಗದಲ್ಲಿ ಕುರ್ಚಿ, ಎಸಿ, ಟಿಶ್ಯೂ ಪೇಪರ್ ಖರೀದಿಸುತ್ತೇನೆ ಎಂಬುದು ಗೊತ್ತಿರಲಿಕ್ಕಿಲ್ಲ. ಇಲ್ಲಿನ ನಮ್ಮ ಕನ್ನಡ ಜನರ ಲೆಕ್ಕದಲ್ಲಿ ಆ ಗೇಟು ದಾಟಿದವರೆಲ್ಲ ಇಂಜಿನಿಯರುಗಳು. ನಾನೂ ಅದನ್ನು ತಿದ್ದಲು ಹೋಗಿಲ್ಲ. ಸುಮ್ಮನೆ ಸಿಗುವ ಮರ್ಯಾದೆಯನ್ನು ಯಾರು ಬೇಡ ಅನ್ನುತ್ತಾರೆ?

ಎರಡು ತಿಂಗಳ ಹಿಂದೆ ಭೋಜಣ್ಣನ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. (ತಂದವರು ಸ್ವತಃ ಭೋಜಣ್ಣ, ಯಾರೋ ಕೊಟ್ಟ ಯಕ್ಷಗಾನದ ಸಿಡಿಯ ಜೊತೆಗೆ. ಆ ಮಾತನ್ನು ಆಫೀಸಿನಲ್ಲಿ ಯಾರೂ ಎತ್ತುವುದಿಲ್ಲ.) ಇಂಜಿನಿಯರ್ ಅಂತ ನನ್ನನ್ನು ಕರೆಸಿದರು. ನಾನು ಎಲ್ಲ ಅಳಿಸಿ, ಹೊಸದಾಗಿ ಹಾಕಿ, ಎರಡು ಲಾಗಿನ್ ಮಾಡಿಕೊಟ್ಟೆ. ಭೋಜಣ್ಣನದು ಸರ್ವಾಧಿಕಾರವಿರುವ ಅಕೌಂಟ್. ಬಾಯಿಯದು ಲಿಮಿಟೆಡ್ ಅಕೌಂಟ್: ಟೈಪ್ ಮಾಡಬಹುದು, ಪ್ರಿಂಟ್ ತೆಗೆಯಬಹುದು, ಫ್ಯಾಕ್ಸ್ ಕಳಿಸಬಹುದು, ಆದರೆ ಮಶಿನ್ನಿನ ಒಳಗೆ ಏನನ್ನೂ ಮುಟ್ಟುವ ಹಾಗಿಲ್ಲ. ವೈರಸ್ ತಂದವರಿಗೆ ಪೂರ್ತಿ ಅಧಿಕಾರ, ತರದವರಿಗೆ ನಿರ್ಬಂಧ. ಅವತ್ತು ಅದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ.

ಫ್ಯಾಕ್ಸ್ ಮಶಿನ್ ಕೆಟ್ಟು ಮೂಲೆ ಸೇರಿತ್ತು. ಅದರ ಬದಲು ಕಂಪ್ಯೂಟರಿನಿಂದಲೇ ಫೋನ್ ಲೈನಿನ ಮೂಲಕ ಫ್ಯಾಕ್ಸ್ ಕಳಿಸುವ ಸಾಫ್ಟ್‌ವೇರ್ ಹಾಕಿಕೊಟ್ಟೆ. ಕಾರ್ಖಾನೆಯವರಿಗೆ ಮೆನುವಿನಿಂದ ಹಿಡಿದು ಕೊಟೇಶನ್ನಿನವರೆಗೆ ಎಲ್ಲವೂ ಫ್ಯಾಕ್ಸಿನಲ್ಲೇ ಬರಬೇಕು. ಇಮೇಲ್ ಅಂದರೆ ಅವರಿಗೆ ನಂಬಿಕೆಯಿಲ್ಲ. ಐರೋಲಿಯ ನನ್ನ ಆಫೀಸಿಗೇ ಒಂದು ಪುಟ ಕಳಿಸಿ ನೋಡಿದೆ. ತಲುಪಿತು. ಭೇಷ್ ಅನ್ನಿಸಿಕೊಂಡು ಮನೆಗೆ ಬಂದೆ.

ಹೋದ ವಾರ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಭೋಜಣ್ಣನ ಫೋನು.

"ಎಂಥ ಹೇಳುವುದು ಮಾರಾಯ್ರೆ! ನವಿ ಮುಂಬಯಿಯ ದೊಡ್ಡ ಕ್ಯಾಂಟೀನು ಕೈ ತಪ್ಪಿತು. ಬುಧವಾರ ಕಡೇ ದಿನ, ನಮ್ಮ ಕೊಟೇಶನ್ ಹೋದದ್ದು ಶನಿವಾರ. ಈ ಬಾಯಿ ವಾರ ಇಡೀ ಸುಮ್ಮನೆ ಕೂತುಕೊಳ್ಳುವುದು, ಶನಿವಾರ ನಾನು ಬರುವ ಹೊತ್ತಿಗೆ ಎಲ್ಲ ಒಟ್ಟಿಗೆ ಕಳಿಸುವುದು. ಕಂಪ್ಯೂಟರಲ್ಲಿ ಟೈಮ್ ಸಮೇತ ಉಂಟು. ಒಂದನೇ ತಾರೀಕಿಗೆ ಬೇರೆ ಹುಡುಗಿ ಬರ್ತಾಳೆ."

"ಮತ್ತೆ ನಾನ್ಯಾಕೆ?"

"ನೀವು ಒಮ್ಮೆ ನೋಡಿ ಹೋಗಿ. ನಾಳೆ ಇವರು ಹೊರಗೆ ಹೋಗಿ ಕಂಪ್ಯೂಟರೇ ಸರಿ ಇರಲಿಲ್ಲ ಅಂತ ಹೇಳಬಾರದು ನೋಡಿ."

ಅಂದರೆ ತೀರ್ಪು ಬರೆದಾಗಿತ್ತು. ಕಂಪ್ಯೂಟರಿಗೆ ಒಂದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕಿತ್ತು, ಅಷ್ಟೆ.

ಶನಿವಾರ ಬೆಳಿಗ್ಗೆ ಹೋದೆ. ಭೋಜಣ್ಣ ಇನ್ನೂ ಕ್ಯಾಂಟೀನುಗಳ ಸುತ್ತಿನಲ್ಲಿದ್ದರು. ಬಾಯಿ ಒಬ್ಬರೇ ಇದ್ದರು. ಮೇಜಿನ ಮೇಲೆ ಫ್ಯಾಕ್ಸ್ ಸಾಫ್ಟ್‌ವೇರಿನ ವರದಿಯ ಪ್ರಿಂಟು. ಎರಡು ತಿಂಗಳಲ್ಲಿ ಹೋದ ಪ್ರತಿಯೊಂದು ಫ್ಯಾಕ್ಸಿನ ಮುಂದೆ ಶನಿವಾರದ ತಾರೀಕು, ಸಂಜೆ ನಾಲ್ಕೂವರೆಯ ಆಸುಪಾಸಿನ ಹೊತ್ತು. ಭೋಜಣ್ಣ ಎಲ್ಲದರ ಕೆಳಗೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ಸರ, ನಾ ಸುಳ್ಳ ಹೇಳೂದಿಲ್ರಿ," ಎಂದು ಬಾಯಿ ಒಂದು ರಿಜಿಸ್ಟರ್ ಮುಂದೆ ತಳ್ಳಿದರು. "ಆ ಕೊಟೇಶನ್ ಮಂಗಳವಾರ ಹನ್ನೊಂದು ಹತ್ತಕ್ಕ ಕಳಿಸೇನ್ರಿ. ಇಲ್ಲಿ ಬರದೀನಿ ನೋಡ್ರಿ."

ಬರೆದಿತ್ತು. ದುಂಡಗಿನ ಅಕ್ಷರದಲ್ಲಿ, ವಾರ, ಹೊತ್ತು, ಯಾರಿಗೆ, ಎಷ್ಟು ಪುಟ, ಎಲ್ಲ. ಒಂದು ದಿನವೂ ಬಿಟ್ಟಿಲ್ಲ.

"ಮುಟ್ಟಿತೋ ಇಲ್ಲೋ ಅಂತ ಫೋನ್ ಮಾಡಿ ಕೇಳಲಿಲ್ವಾ?" (ಫ್ಯಾಕ್ಸ್ ಕಳಿಸಿ, ಫ್ಯಾಕ್ಸ್ ಬಂತಾ ಎಂದು ಫೋನ್ ಮಾಡುವುದು ನಮ್ಮ ದೇಶದ ಪದ್ಧತಿ. ಆ ಫೋನಿನಲ್ಲೇ ವಿಷಯ ಹೇಳಿ ಮುಗಿಸಬಹುದಲ್ಲ ಎಂದು ಮಾತ್ರ ಕೇಳಬೇಡಿ.)

"ಕೇಳೇನ್ರಿ, ನನ್ನ ಮೊಬೈಲಿಂದ. 'ಆ ಜಾಯೇಗಾ ಮ್ಯಾಡಮ್', ಬರತೈತಿ ಬಿಡ್ರಿ ಅಂದ್ರು. ಸಾಹೇಬ್ರಿಗೂ ಹೇಳಿದೆ. ಅವರು, ಕಂಪ್ಯೂಟರ್ ಸುಳ್ಳು ಹೇಳ್ತದಾ ಅಂದ್ರು. ಈ ಕಂಪ್ಯೂಟರಿಗೆ ನನ್ನ ಮ್ಯಾಲೇನರ ಸಿಟ್ಟ ಐತೇನ್ರಿ?"

ರಿಜಿಸ್ಟರ್ ಒಂದು ಹೇಳುತ್ತದೆ, ಮಶಿನ್ ಇನ್ನೊಂದು. ಹನ್ನೊಂದು ವರ್ಷ ದುಡಿದ ಮನುಷ್ಯರನ್ನು ನಂಬಬೇಕೋ, ಸೆಕೆಂಡ್ ಹ್ಯಾಂಡ್ ಮಶಿನ್ನನ್ನೋ? ಭೋಜಣ್ಣ ಮಶಿನ್ನನ್ನು ನಂಬಿದ್ದರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನೂ ಅದನ್ನೇ ನಂಬಿದ್ದೆ.

"ನನ್ನೆದುರಿಗೆ ಒಂದು ಕಳಿಸಿ ನೋಡೋಣ," ಅಂದೆ.

ಬಾಯಿ ತಮ್ಮ ಲಾಗಿನ್ನಿನಲ್ಲಿ ಕೂತು ಒಂದು ಪುಟ ನನ್ನ ಆಫೀಸಿನ ನಂಬರಿಗೆ ಕಳಿಸಿದರು. ಒಂದು ಪುಟ್ಟ ಕಿಟಕಿ ತೆರೆದು, ಹಸಿರು ಗುರುತು ತೋರಿಸಿ, ಮುಚ್ಚಿಕೊಂಡಿತು. ಆಮೇಲೆ ಫೋನ್ ಲೈನ್ ಹಿಡಿಯುವಾಗ ಕಿರ್ರೋ ಎಂದು ಸದ್ದಾಗಬೇಕು. ಆಗಲಿಲ್ಲ. ಐದು ನಿಮಿಷ ಕಾದೆವು. ಹೊರಗೆ ರಿಕ್ಷಾಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

"ಸದ್ದೇ ಇಲ್ಲವಲ್ಲ?"

"ಸಾಹೇಬ್ರು ಕುಂತಾಗ ಒದರತೈತ್ರಿ. ನಾ ಕುಂತ್ರ ಸುಮ್ಮನಿರತೈತಿ. ಮಾಲೀಕರು ಯಾರು ಅಂತ ಅದಕ್ಕೂ ತಿಳಿದೈತಿ ಅನ್ಕೊಂಡಿದ್ದೆ."

ನನಗೆ ನಗು ಬಂತು. ಮರುಕ್ಷಣವೇ ವಿಷಯ ಹೊಳೆದು ನಗು ನಿಂತುಹೋಯಿತು.

ಕತೆ ಇಷ್ಟೆ. ಆ ಸಾಫ್ಟ್‌ವೇರ್ ಪ್ರತಿ ಸಲ ಫ್ಯಾಕ್ಸ್ ಕಳಿಸುವ ಮೊದಲು ತನ್ನದೇ ಫೋಲ್ಡರಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಬರೆಯದೆ ಕಳಿಸುವುದಿಲ್ಲ. ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಲಿಮಿಟೆಡ್ ಅಕೌಂಟಿಗಿಲ್ಲ. ಇಲ್ಲ ಎಂದು ಬಾಯಿಬಿಟ್ಟಾದರೂ ಹೇಳಬೇಕಲ್ಲ? ಹೇಳುವುದಿಲ್ಲ. ಹಸಿರು ಗುರುತು ತೋರಿಸಿ, ಪುಟವನ್ನು ಸರದಿಯಲ್ಲಿ ಕೂರಿಸಿ, ತಾನು ಮಲಗಿಬಿಡುತ್ತದೆ. ಶನಿವಾರ ಸಂಜೆ ವಾರದ ಹಾಜರಿ ನೋಡಲು ಭೋಜಣ್ಣ ತಮ್ಮ ಹೆಸರಿನಲ್ಲಿ ಲಾಗಿನ್ ಆಗುತ್ತಾರೆ. ಆಗ ಸಾಫ್ಟ್‌ವೇರ್ ಎದ್ದು ಕೂತು, ಕಿರ್ರೋ ಎಂದು ಕೂಗುತ್ತ ವಾರದ ಫ್ಯಾಕ್ಸುಗಳನ್ನೆಲ್ಲ ಒಂದೇ ಉಸಿರಿಗೆ ರವಾನಿಸುತ್ತದೆ. ಹೋದ ಹೊತ್ತನ್ನು ಪ್ರಾಮಾಣಿಕವಾಗಿ ದಾಖಲಿಸಿಕೊಳ್ಳುತ್ತದೆ ಕೂಡ.

ಎರಡು ತಿಂಗಳು ಇದು ಗೊತ್ತಾಗದಿದ್ದದ್ದು ಹೇಗೆ? ಕ್ಯಾಂಟೀನಿನ ಮೆನುವನ್ನು ಯಾವ ಕಾರ್ಖಾನೆಯಲ್ಲೂ ಯಾರೂ ಓದುತ್ತಿರಲಿಲ್ಲ. ಓದುವಂಥ ಕಾಗದ ಹೋದದ್ದು ಈ ಕೊಟೇಶನ್ ಒಂದೇ.

ಫೋಲ್ಡರಿನ ಪರ್ಮಿಷನ್ನಿನಲ್ಲಿ ಬಾಯಿಯ ಅಕೌಂಟಿಗೂ ಬರೆಯುವ ಹಕ್ಕು ಕೊಡಬೇಕು. ಭೋಜಣ್ಣನ ಪಾಸ್‌ವರ್ಡಿಗಾಗಿ ಫೋನ್ ಮಾಡಿದೆ. ಅವರು ರಿಕ್ಷಾದಲ್ಲಿ ಕೂತು ದೇವರ ಹೆಸರನ್ನೂ ನಾಲ್ಕು ಅಂಕಿಗಳನ್ನೂ ಇಡೀ ರಸ್ತೆಗೆ ಕೇಳುವಂತೆ ಕೂಗಿ ಹೇಳಿದರು. ಹತ್ತು ನಿಮಿಷದ ಕೆಲಸ. ಬಾಯಿ ತಮ್ಮ ಹೆಸರಿನಲ್ಲಿ ಮತ್ತೆ ಕೂತು ಕಳಿಸಿದರು. ಕಿರ್ರೋ ಎಂದಿತು. ಆ ಸದ್ದಿಗೆ ಅವರ ಕಣ್ಣು ತುಂಬಿದ್ದನ್ನು ನೋಡಿ ನಾನು ಮಾನಿಟರಿನ ಕಡೆಗೆ ತಿರುಗಿಕೊಂಡೆ.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಸರ, ಅವತ್ತು ಇದನ್ನ ಹಾಕಿದಾಗ ನನ್ನ ಹೆಸರಿನ್ಯಾಗ ಒಮ್ಮೆ ಕಳಿಸಿ ನೋಡಿದ್ರೇನ್ರಿ?"

ಇಲ್ಲ. ನೋಡಿರಲಿಲ್ಲ. ಭೋಜಣ್ಣನ ಲಾಗಿನ್ನಿನಲ್ಲಿ ಹೋಯಿತು, ಅಂದರೆ ಎಲ್ಲರದೂ ಹೋಗುತ್ತದೆ ಎಂದುಕೊಂಡಿದ್ದೆ. ನಮ್ಮ ಸೊಸೈಟಿಯಲ್ಲಿ ನೀರು ಬರದಿದ್ದರೆ ಎಲ್ಲರೂ ವಾಚ್‌ಮನ್ನನ್ನು ಬೈಯುತ್ತೇವೆ. ಪಂಪಿನ ಕೋಣೆಯ ಬೀಗದ ಕೈ ಇರುವುದು ಸೆಕ್ರೆಟರಿಯ ಮನೆಯಲ್ಲಿ. ಅವರ ಮನೆಯಲ್ಲಿ ಮಾತ್ರ ನೀರು ಯಾವತ್ತೂ ನಿಲ್ಲುವುದಿಲ್ಲ, ಹಾಗಾಗಿ ಸಮಸ್ಯೆ ಏನೆಂದೇ ಅವರಿಗೆ ಅರ್ಥವಾಗುವುದಿಲ್ಲ. ಆ ಸೆಕ್ರೆಟರಿಯ ಬಗ್ಗೆ ಇದೇ ಅಂಕಣದಲ್ಲಿ ಎರಡು ಸಲ ವ್ಯಂಗ್ಯವಾಡಿದವನು ನಾನು. ನಾಚಿಕೆಯಾಯಿತು.

ಹನ್ನೆರಡರ ಹೊತ್ತಿಗೆ ಭೋಜಣ್ಣ ಬಂದರು. "ಎಂಥ, ಸರಿ ಉಂಟಲ್ಲ ಕಂಪ್ಯೂಟರ್?"

ಈಗ ಒಂದು ಸುಲಭದ ದಾರಿಯಿತ್ತು. ವೈರಸ್ ಅನ್ನಬಹುದಿತ್ತು. ಸಿಸ್ಟಮ್ ಹಳೆಯದು ಅನ್ನಬಹುದಿತ್ತು. ಬಾಯಿಯ ಕೆಲಸ ಉಳಿಯುತ್ತಿತ್ತು, ನನ್ನ ಇಂಜಿನಿಯರ್‌ಗಿರಿಯೂ ಉಳಿಯುತ್ತಿತ್ತು. ಒಂದು ನಿಮಿಷ ಆ ಆಸೆ ನನಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಬಾಯಿ ಎದುರಿಗೇ ರಿಜಿಸ್ಟರ್ ಹಿಡಿದು ನಿಂತಿದ್ದರು.

"ಭೋಜಣ್ಣ, ತಪ್ಪು ನನ್ನದು," ಅಂದೆ. ರಿಜಿಸ್ಟರನ್ನೂ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟು ಎಲ್ಲ ವಿವರಿಸಿದೆ. ಬಾಯಿ ಕಳಿಸಿದ್ದು ಮಂಗಳವಾರವೇ, ತಡೆದದ್ದು ನಾನು ಅರ್ಧ ಮಾಡಿಟ್ಟ ಸೆಟಪ್. ನಿಮ್ಮ ಕ್ಯಾಂಟೀನು ಹೋದದ್ದು ನನ್ನಿಂದ.

ಭೋಜಣ್ಣ ಎರಡು ಸಲ ಕೇಳಿಸಿಕೊಂಡರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ಅಯ್ಯೋ, ನಿಮ್ಮದು ಎಂಥ ತಪ್ಪು ಮಾರಾಯ್ರೆ! ಅಷ್ಟು ಕೆಲಸದ ಮಧ್ಯೆ ಬಂದು ಮಾಡಿಕೊಟ್ಟವರು ನೀವು. ಮನುಷ್ಯ ಅಂದ ಮೇಲೆ ಒಂದು ಆಚೀಚೆ ಆಗ್ತದೆ. ಕ್ಯಾಂಟೀನು ಹೋದರೆ ಇನ್ನೊಂದು ಬರ್ತದೆ, ಬಿಡಿ."

ಅಲ್ಲೇ ನಿಂತು ಹೊಸ ಹುಡುಗಿಗೆ ಫೋನ್ ಮಾಡಿ ಬರುವುದು ಬೇಡ ಎಂದರು. ಬಾಯಿಯ ಕೆಲಸ ಉಳಿಯಿತು. ನನಗೆಂದು ಎದುರಿನ ಹೋಟೆಲಿನಿಂದ ಗೋಳಿಬಜೆ, ಕಾಫಿ ತರಿಸಿದರು. ಅದೇ ತಪ್ಪು ಬೆಳಿಗ್ಗೆಯವರೆಗೆ ಬಾಯಿಯ ಹೆಸರಿನಲ್ಲಿದ್ದಾಗ ಹನ್ನೊಂದು ವರ್ಷದ ನೌಕರಿಯ ಬೆಲೆಯದಾಗಿತ್ತು. ನನ್ನ ಹೆಸರಿಗೆ ಬಂದ ಕೂಡಲೆ ಅದಕ್ಕೆ ಚಟ್ನಿಯ ಸಮೇತ ಉಪಚಾರ.

ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಭೋಜಣ್ಣ ಶಕುಂತಲಾಬಾಯಿಯ ಕಡೆ ತಿರುಗಿದರು. ಕ್ಷಮೆ ಕೇಳುತ್ತಾರೇನೋ ಎಂದು ನಿಂತು ಕೇಳಿದೆ.

"ಆಯ್ತು ಬಾಯಿ, ಈ ಸಲ ಬಿಟ್ಟಿದ್ದೇನೆ. ಇನ್ನು ಮುಂದಾದರೂ ಜಾಗ್ರತೆ ಮಾಡಿ."

"ಆಗ್ಲಿರಿ ಸಾಹೇಬ್ರ," ಅಂದರು ಬಾಯಿ.

ತಪ್ಪು ನನ್ನದು ಎಂದು ನಾನೇ ಬಾಯಾರೆ ಒಪ್ಪಿಕೊಂಡ ಮೇಲೂ ಬುದ್ಧಿ ಹೇಳಿಸಿಕೊಂಡವರು ಅವರೇ ಯಾಕೆ?